ಬೇರೆ ಯಾರದೋ ಅಕ್ಷರ ಕೆತ್ತಿದ ವಾಚು

ಒಂದು ಭಾನುವಾರ ಪೂರ್ತಿ ಮಣಿಕಟ್ಟಿಗೆ ರಟ್ಟಿನ ತುಂಡು ಅಂಟಿಸಿಕೊಂಡು ಮನೆಯಲ್ಲಿ ಓಡಾಡಿದೆ. ಮೊದಲು 34 ಮಿಲಿಮೀಟರ್‌ನ ದುಂಡು, ಆಮೇಲೆ 39ರ ದುಂಡು, ಕೊನೆಗೆ ಉದ್ದನೆಯ ಒಂದು ಆಯತ. ಅಂಟಿಸುವುದು, ಶರ್ಟಿನ ತೋಳು ಇಳಿಸುವುದು, ಕನ್ನಡಿ ಮುಂದೆ ನಿಲ್ಲುವುದು, ಕಿತ್ತು ಇನ್ನೊಂದು ಅಂಟಿಸುವುದು.

"ಏನ್ರೀ ಇದು, ದೊಡ್ಡ ವಾಚು ತಗೋತೀನಿ ಅಂತ ಹೊರಟವರು ರಟ್ಟು ಕಟ್ಕೊಂಡು ತಿರುಗ್ತಾ ಇದ್ದೀರಲ್ಲ" ಅಂತ ಹೆಂಡತಿ ನಕ್ಕಳು.

ನಗಲಿ. ಅಷ್ಟು ಹೊತ್ತಿಗೆ ಎರಡು ತಿಂಗಳಿಂದ ಬರೀ ಫೋಟೋ ನೋಡಿ ನೋಡಿ ನನ್ನ ಕಣ್ಣು ಕೆಟ್ಟಿತ್ತು. ಫೋನಿನ ಪರದೆಯಲ್ಲಿ ಎಲ್ಲ ವಾಚೂ ಒಂದೇ ಗಾತ್ರ. ಕೈ ಮೇಲೆ ಬಂದಾಗಲೇ ಅದರ ಬಣ್ಣ ಬಯಲಾಗುವುದು.

ನನಗೆ ಬೇಕಾಗಿದ್ದದ್ದು ಡ್ರೆಸ್ ವಾಚ್. ತೆಳ್ಳಗಿರಬೇಕು, ಡಯಲ್ ಮೇಲೆ ಗಲಾಟೆ ಇರಬಾರದು, ಚರ್ಮದ ಬೆಲ್ಟು ಇರಬೇಕು, ಶರ್ಟಿನ ತೋಳಿಗೆ ಗುಂಡಿ ಹಾಕಿದರೆ ಅದರಡಿಗೆ ತಾನಾಗಿ ಜಾರಿಕೊಳ್ಳಬೇಕು. ದಿನಾ ಕಟ್ಟುವ ವಾಚು ಬೇರೆ ಇದೆ. ಅದು ಹೆಜ್ಜೆ ಎಣಿಸುತ್ತದೆ, ಮೆಸೇಜ್ ಬಂದರೆ ನಡುಗುತ್ತದೆ, ರಾತ್ರಿ ಚಾರ್ಜಿಗೆ ಹಾಕಲು ಮರೆತರೆ ಬೆಳಗ್ಗೆ ಸತ್ತಿರುತ್ತದೆ. ಅದರ ಸಹವಾಸ ಸಾಕಾಗಿತ್ತು. ಇಪ್ಪತ್ತು ವರ್ಷ ದುಡಿದಿದ್ದೇನೆ, ಕೀ ಕೊಟ್ಟರೆ ಓಡುವ ಒಂದೇ ಒಂದು ಒಳ್ಳೆಯ ವಾಚು ಇರಲಿ ಅನಿಸಿತು. ಹೊಸದರ ಬೆಲೆ ಕೇಳಿ ಸುಮ್ಮನೆ ವಾಪಸ್ ಬಂದೆ. ಅದೇ ವಾಚು ಇನ್ನೊಬ್ಬರ ಕೈಯಲ್ಲಿ ಹತ್ತಿಪ್ಪತ್ತು ವರ್ಷ ಇದ್ದು ಬಂದರೆ ಎಷ್ಟೋ ಕಡಿಮೆಗೆ ಸಿಗುತ್ತದೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ದಾರಿ ಹಿಡಿದೆ.

ಗಾತ್ರದ ವಿಷಯ ಮೊದಲು ಮುಗಿಸುತ್ತೇನೆ. ಸ್ವಿಸ್ ಕಂಪನಿ ಪಾಟೆಕ್ ಫಿಲಿಪ್ 1932ರಲ್ಲಿ ತಂದ ಮೊದಲ ಕಲಾಟ್ರಾವಾ ವಾಚು, 96 ನಂಬರಿನದು, ಹತ್ತಿರ ಹತ್ತಿರ 31 ಮಿಲಿಮೀಟರ್. ಡ್ರೆಸ್ ವಾಚು ಹೇಗಿರಬೇಕು ಅಂದರೆ ಇವತ್ತಿಗೂ ಅದರ ಕಡೆಗೇ ಬೆರಳು ತೋರಿಸುತ್ತಾರೆ. 42 ಮಿಲಿಮೀಟರ್‌ಗೆ ಪಳಗಿದ ನಮ್ಮ ಕಣ್ಣಿಗೆ ಅದು ಕೋಟಿನ ಗುಂಡಿಯ ಹಾಗೆ ಕಾಣುತ್ತದೆ. ನಾನೂ 39ರ ಕೆಳಗೆ ಇಳಿಯಲಾರೆ ಅಂದುಕೊಂಡಿದ್ದೆ. ರಟ್ಟು ಬೇರೆಯೇ ಹೇಳಿತು. ಅಡ್ಡಗಲಕ್ಕಿಂತ ಮುಖ್ಯ ಆಗಿದ್ದು ಮೇಲಿಂದ ಕೆಳಗಿನ ಉದ್ದ. ಬೆಲ್ಟು ಸಿಕ್ಕಿಸುವ ನಾಲ್ಕು ಕಾಲುಗಳಿರುತ್ತವಲ್ಲ, ಲಗ್ ಅನ್ನುತ್ತಾರೆ, ಮೇಲಿನ ಲಗ್ಗಿನ ತುದಿಯಿಂದ ಕೆಳಗಿನ ಲಗ್ಗಿನ ತುದಿಗೆ ಇರುವ ಅಳತೆ. ಅದು ಮಣಿಕಟ್ಟಿನಿಂದ ಆಚೆ ಚಾಚಿದರೆ ಎಷ್ಟು ದುಬಾರಿ ವಾಚಾದರೂ ಅಣ್ಣನ ವಾಚು ಕದ್ದು ಕಟ್ಟಿಕೊಂಡ ಹುಡುಗನಂತೆ ಕಾಣುತ್ತೇವೆ. ನನ್ನ ಕೈ ಸಣ್ಣದು. 39 ಹೋಯಿತು. ಆಯತದ ರಟ್ಟು ಆಶ್ಚರ್ಯ ಕೊಟ್ಟಿತು. ಅಗಲ ಬರೀ 23, ಉದ್ದ 38. ಅಂಕಿ ಕೇಳಿದರೆ ಚಿಕ್ಕದು, ಕಟ್ಟಿದರೆ ಕೈ ತುಂಬುತ್ತದೆ.

ಮೊದಲು ಮನಸ್ಸು ಹೋದದ್ದು ಕಾರ್ಟಿಯೇ ಕಂಪನಿಯ ಟ್ಯಾಂಕ್ ಅನ್ನುವ ಆಯತದ ವಾಚಿನ ಕಡೆಗೆ. ಲೂಯಿ ಕಾರ್ಟಿಯೇ ಅದನ್ನು 1917ರಲ್ಲಿ ರೂಪಿಸಿದ್ದು, ಮಾರಾಟಕ್ಕೆ ಬಂದದ್ದು 1919ರಲ್ಲಿ. ಮೊದಲ ಮಹಾಯುದ್ಧದ ರೆನೋ ಟ್ಯಾಂಕನ್ನು ಮೇಲಿಂದ ನೋಡಿದ ಹಾಗಿದೆ ಅನ್ನುತ್ತಾರೆ. ಎರಡು ಬದಿಗೆ ಎರಡು ಪಟ್ಟಿ, ನಡುವೆ ಪೆಟ್ಟಿಗೆ. ಯುದ್ಧದ ಗಾಡಿ ನೋಡಿ ಇಷ್ಟು ನಾಜೂಕಾದ ವಸ್ತು ಹೊಳೆಯಿತಲ್ಲ ಅಂತ ನನಗೆ ಈಗಲೂ ಬೆರಗು.

"ಚಿನ್ನದ ಟ್ಯಾಂಕ್, ಅರ್ಜೆಂಟ್ ಮಾರಾಟ" ಅಂತ ಒಂದು ಸಿಕ್ಕಿತು. ಚಿನ್ನಕ್ಕೆ ಆ ಬೆಲೆ ತೀರಾ ಕಡಿಮೆ. ಹಿಂಬದಿಯ ಫೋಟೋ ಕಳಿಸಿ ಅಂದೆ. ಕಳಿಸಿದರು. ದೊಡ್ಡದು ಮಾಡಿ ನೋಡಿದರೆ ಸಣ್ಣ ಅಕ್ಷರದಲ್ಲಿ 925. 18 ಕ್ಯಾರಟ್ ಚಿನ್ನವಾದರೆ 750 ಇರಬೇಕು. 925 ಬೆಳ್ಳಿಯ ಗುರುತು. ಪಕ್ಕದಲ್ಲೇ "ಪ್ಲಾಕೆ ಓರ್" ಅಂತಲೂ ಇತ್ತು, ಅಂದರೆ ಚಿನ್ನದ ಲೇಪ. ಕಾರ್ಟಿಯೇ 1977ರಲ್ಲಿ ಮಸ್ಟ್ ಅನ್ನುವ ಹೆಸರಿನಲ್ಲಿ ಇಂಥವನ್ನು ತಂದಿತ್ತು, ಬೆಳ್ಳಿಯ ಕೇಸಿನ ಮೇಲೆ ಚಿನ್ನದ ಲೇಪ ಕೊಟ್ಟು. ವಾಚಿನಲ್ಲಿ ತಪ್ಪಿಲ್ಲ, ಅದು ತಾನೇನು ಅಂತ ಬೆನ್ನ ಮೇಲೆ ಬರೆದುಕೊಂಡೇ ಓಡಾಡುತ್ತಿದೆ. ಮಾರುವವರಿಗೆ ಫೋನ್ ಮಾಡಿ ಕೇಳಿದೆ. "ಚಿನ್ನದ ಬಣ್ಣ ಅಂತ ಹೇಳಿದ್ದು ಸರ್" ಅಂದರು! ಫೋಟೋದಲ್ಲಿ ಕೇಸಿನ ಮೂಲೆಗಳನ್ನು ಇನ್ನೊಮ್ಮೆ ನೋಡಿದೆ. ತೋಳು ಉಜ್ಜುವ ಕಡೆ ಲೇಪ ಸವೆದು ಬಿಳಿ ಇಣುಕುತ್ತಿತ್ತು. ಸತ್ಯ ಅಲ್ಲೂ ಕಾಣುತ್ತಿತ್ತು. ನಾನು ನೋಡಿರಲಿಲ್ಲ ಅಷ್ಟೇ.

ಇಷ್ಟು ಹುಷಾರಾದ ಮೇಲೂ ದೊಡ್ಡ ತಪ್ಪು ಮಾಡಿದ್ದು ಅದರ ನಂತರ.

ಅದೊಂದು ದುಂಡು ವಾಚು. 1950ರ ದಶಕದ್ದು, 18 ಕ್ಯಾರಟ್ ಚಿನ್ನ, ಎಲ್ಲರೂ ಬಲ್ಲ ಹೆಸರು. ಕಂಪನಿ ಯಾವುದು ಅಂತ ಬರೆಯುವುದಿಲ್ಲ, ತಪ್ಪು ಅವರದ್ದಲ್ಲ. ಮಾರುವವರು ಕಪ್ಪು ಬಟ್ಟೆಯ ಮೇಲಿಟ್ಟು ದೀಪ ಹಾಕಿದರು. ಆಹಾ! ಡಯಲ್ ಬೆಳ್ಳಗೆ, ಹಾಲಿನ ಹಾಗೆ. ಕೇಸು ಫಳಫಳ. ಒಂದು ಗೀರಿಲ್ಲ. ಅರವತ್ತು ವರ್ಷ ದಾಟಿದ ವಾಚು ಹೀಗೆ ಹೊಳೆಯುವುದು ಹೇಗೆ ಅಂತ ಒಂದು ಸಲವಾದರೂ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. "ನಾಳೆ ಇನ್ನೊಬ್ಬರು ಬರ್ತಾ ಇದ್ದಾರೆ ಸರ್" ಅಂದರು. ಆ ಇನ್ನೊಬ್ಬರು ಎಲ್ಲ ಅಂಗಡಿಗೂ ನಾಳೆಯೇ ಬರುವುದು, ಅಲ್ವಾ? ಗೊತ್ತಿದ್ದೂ ಮುಂಗಡ ಕೊಟ್ಟೆ. ಬೇಡವಾದರೆ ಮುಂಗಡ ವಾಪಸ್ ಇಲ್ಲ ಅಂತ ರಸೀದಿಯಲ್ಲಿತ್ತು. ಓದದೆ ಜೇಬಿಗೆ ಹಾಕಿಕೊಂಡೆ. ಮೂರು ದಿನದೊಳಗೆ ಯಾರಿಗಾದರೂ ತೋರಿಸಿ ಬರಬಹುದು ಅನ್ನುವುದೊಂದೇ ಪುಣ್ಯಕ್ಕೆ ಒಪ್ಪಿದ್ದರು.

ಪರಿಚಯದವರ ಮೂಲಕ ಒಬ್ಬ ಹಿರಿಯ ವಾಚು ರಿಪೇರಿಯವರ ಹತ್ತಿರ ಹೋದೆ. ಕನ್ನಡಕದ ಒಂದು ಗಾಜಿಗೆ ಕೊಕ್ಕೆಯಿಂದ ಸಿಕ್ಕಿಸಿದ ಪುಟ್ಟ ಭೂತಗನ್ನಡಿ, ಬೆರಳಿಗೆ ರಬ್ಬರ್ ಟೋಪಿ. ಎಲ್ಲರೂ ಮೊದಲು ಡಯಲ್ ನೋಡುತ್ತಾರೆ. ಇವರು ವಾಚನ್ನು ಪಕ್ಕಕ್ಕೆ ತಿರುಗಿಸಿ ಲಗ್ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ದುಡ್ಡು ಕೊಟ್ಟಾಯ್ತಾ ಸರ್?"

"ಮುಂಗಡ ಮಾತ್ರ."

"ಸರಿ" ಅಂದರು. ಆ "ಸರಿ" ಕೇಳಿದಾಗಲೇ ಹೊಟ್ಟೆಯೊಳಗೆ ಏನೋ ಜಾರಿತು.

ಭೂತಗನ್ನಡಿ ನನ್ನ ಕೈಗೆ ಕೊಟ್ಟರು. ಲಗ್ಗಿನ ಅಂಚು ಕತ್ತರಿಸಿದ ಹಾಗೆ ಚೂಪಾಗಿರಬೇಕಂತೆ. ಮೇಲ್ಮುಖ ಮತ್ತು ಪಕ್ಕ ಕೂಡುವ ಕಡೆ ಒಂದು ಗೆರೆ ಕಾಣಬೇಕು. ಇದರಲ್ಲಿ ನಾಲ್ಕು ಲಗ್ಗೂ ತೇದು ತೇದು ಸವೆದ ಸೋಪಿನ ತುಂಡಿನ ಹಾಗೆ. ಹೊಳಪು ಬರುವುದು ಚಿನ್ನವನ್ನು ಉಜ್ಜಿ ತೆಗೆದಾಗ. ಪ್ರತಿ ಸಲ ಪಾಲಿಶ್ ಮಾಡಿದಾಗಲೂ ಒಂದಿಷ್ಟು ವಾಚು ಬಟ್ಟೆಗೆ ಹತ್ತಿ ಹೋಗುತ್ತದೆ. ಲಗ್ಗಿನ ಹಿಂಭಾಗದಲ್ಲಿ ಚಿನ್ನದ ಮುದ್ರೆ ಇರಬೇಕು. ಆ ಕಾಲದ ಸ್ವಿಸ್ 18 ಕ್ಯಾರಟ್ಟಿಗೆ ಹೆಲ್ವೇಷಿಯಾ ಅನ್ನುವ ಹೆಂಗಸಿನ ತಲೆಯ ಚಿತ್ರ. 1995ರಿಂದ ಈಚೆಗಾದರೆ ಸೇಂಟ್ ಬರ್ನಾರ್ಡ್ ನಾಯಿಯ ತಲೆ. ನನ್ನದರಲ್ಲಿ ಒಂದು ಮಸುಕು ಗುಳಿ ಇತ್ತು. ಹೆಂಗಸು ಅಂದರೆ ಹೆಂಗಸು, ನಾಯಿ ಅಂದರೆ ನಾಯಿ.

"ಈಗ ಡಯಲ್ ನೋಡಿ. 6ರ ಕೆಳಗೆ ಏನಿದೆ?"

"ಏನೂ ಇಲ್ಲ."

"ಸ್ವಿಸ್ ಅಂತ ಇರಬೇಕಿತ್ತು."

ಮತ್ತೆ ಬಣ್ಣ ಹಾಕಿ, ಮತ್ತೆ ಬರೆದ ಡಯಲ್ ಅದು. ಒಮ್ಮೆ ತೋರಿಸಿದ ಮೇಲೆ ಎಲ್ಲವೂ ಕಾಣತೊಡಗಿತು. ಕಂಪನಿಯ ಹೆಸರಿನ ಅಕ್ಷರಗಳ ಅಂಚು ಶಾಯಿ ಹೀರಿದ ಕಾಗದದಂತೆ ಹರಡಿತ್ತು. ನಿಮಿಷದ ಗೆರೆಗಳಲ್ಲಿ ಒಂದು ಉದ್ದ, ಒಂದು ಗಿಡ್ಡ. ಕೆಳಗಿನ ಪುಟ್ಟ ಸೆಕೆಂಡಿನ ವೃತ್ತ ಕೂದಲೆಳೆಯಷ್ಟು ಎಡಕ್ಕೆ. ಫೋಟೋದಲ್ಲಿ ಹಾಲಿನ ಹಾಗೆ ಕಂಡದ್ದು ಹೊಸ ಬಣ್ಣ. ಆ ಕಾಲದ ಅಸಲಿ ಡಯಲ್ ಸ್ವಲ್ಪವಾದರೂ ಹಳದಿಗೆ ತಿರುಗಿರುತ್ತದೆ, ಇಲ್ಲ ಅಲ್ಲಲ್ಲಿ ಚುಕ್ಕೆ ಬಿದ್ದಿರುತ್ತದೆ. ಆ ಚುಕ್ಕೆ ಇರುವ ಡಯಲ್ಲಿಗೇ ಬೆಲೆ ಜಾಸ್ತಿ ಅಂದರು. ಅವತ್ತಿನವರೆಗೆ ನಾನು ಚುಕ್ಕೆ ಕಂಡರೆ ಮುಂದಿನ ಫೋಟೋಗೆ ಹೋಗುತ್ತಿದ್ದೆ.

ಹಿಂದಿನ ಮುಚ್ಚಳ ತೆಗೆದರು. ಒಳಗಿನ ಸ್ಕ್ರೂಗಳ ತಲೆ ತಪ್ಪು ಅಳತೆಯ ಸ್ಕ್ರೂಡ್ರೈವರಿಗೆ ಸಿಕ್ಕಿ ಕಚ್ಚುಕಚ್ಚಾಗಿತ್ತು. ಕೀ ಕೊಡುವ ಕಡ್ಡಿಯ ಹತ್ತಿರ ಕಂದು ತುಕ್ಕು. ಆದರೆ ನನಗೆ ಬಿಟ್ಟೂ ಬಿಡದೆ ನೆನಪಿರುವುದು ಮುಚ್ಚಳದ ಒಳಮೈ. ಅಲ್ಲಿ ಸೂಜಿಯಿಂದ ಗೀಚಿದ ಹಾಗೆ ತೀರಾ ಸಣ್ಣ ಬರಹಗಳು. ಒಂದಷ್ಟು ಅಂಕಿ, ಒಂದಷ್ಟು ಅಕ್ಷರ. ವಾಚು ಬಿಚ್ಚಿ ತೊಳೆದು ಎಣ್ಣೆ ಹಾಕಿದವರು ತಮ್ಮ ಗುರುತನ್ನೂ ತಾರೀಕನ್ನೂ ಹೀಗೆ ಗೀಚಿಡುವ ರೂಢಿ ಇದೆಯಂತೆ. ಹಿರಿಯರು ಅದನ್ನು ಡಾಕ್ಟರ ಹಳೇ ಚೀಟಿ ಓದುವ ಹಾಗೆ ಓದಿದರು. ಐದು ಗುರುತು. ಕೊನೆಯದು 1991. ಅಲ್ಲಿಂದ ಈಚೆಗೆ ಒಳಗೆ ಯಾರ ಕೈಯೂ ಸರಿಯಾಗಿ ಹೋಗಿಲ್ಲ. ಹೊರಗೆ ಮಾತ್ರ ಪಾಲಿಶ್ ಮೇಲೆ ಪಾಲಿಶ್.

ಆಮೇಲೆ ಟೈಮಿಂಗ್ ಮೆಷಿನ್. ಒಂದು ಪುಟ್ಟ ಹಿಡಿಕೆ, ಅದರಲ್ಲಿ ಮೈಕ್ ಇರುತ್ತದೆ. ವಾಚಿನ ಟಿಕ್ ಟಿಕ್ ಕೇಳಿಸಿಕೊಂಡು ಪರದೆಯ ಮೇಲೆ ಗೆರೆ ಬರೆಯುತ್ತದೆ. ಈ ವಾಚಿನದು ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ 5. ಪರದೆಯಲ್ಲಿ ದಿನಕ್ಕೆ 6 ಸೆಕೆಂಡು ಮುಂದೆ ಅಂತ ತೋರಿಸಿತು. ನನಗೆ ಜೀವ ಬಂತು. "ಚೆನ್ನಾಗೇ ಓಡ್ತಾ ಇದೆಯಲ್ಲ!"

"ಜ್ವರ ಬಂದವರೂ ನಡೀತಾರೆ ಸರ್" ಅಂದರು ಅವರು. ಪಕ್ಕದ ಅಂಕಿಗೆ ಬೆರಳಿಟ್ಟರು. 190 ಡಿಗ್ರಿ. ವಾಚಿನೊಳಗೆ ಅತ್ತಿಂದಿತ್ತ ತೂಗುವ ಚಕ್ರ ಎಷ್ಟು ದೂರ ತೂಗುತ್ತದೆ ಅನ್ನುವ ಲೆಕ್ಕ ಅದು. ಪೂರ್ತಿ ಕೀ ಕೊಟ್ಟು ಅಂಗಾತ ಮಲಗಿಸಿದರೆ ಒಳ್ಳೆಯ ವಾಚು 270, 300ರ ಆಸುಪಾಸಿನಲ್ಲಿ ತೂಗಬೇಕು. ಎಣ್ಣೆ ಒಣಗಿದರೆ, ಕೊಳೆ ಕೂತರೆ, ಚಕ್ರಗಳ ಕಡ್ಡಿ ಸವೆದರೆ ಅದು ಇಳಿಯುತ್ತದೆ. ಸಮಯ ಸರಿ ತೋರಿಸುವ ಹಾಗೆ ಚೂರು ತಿರುಗಿಸಿ ಕೂರಿಸಬಹುದು, ಸುಸ್ತನ್ನು ಮುಚ್ಚಿಡಲು ಆಗದು. ವಾಚನ್ನು ನಿಲ್ಲಿಸಿ ಹಿಡಿದರು. ಅಂಕಿ ಇನ್ನೂ ಇಳಿಯಿತು.

ಮುಂಗಡ ಹೋಯಿತು. ಕೇಳಲು ಹೋದಾಗ ಮಾರುವವರು ಸಿಟ್ಟೂ ಮಾಡಿಕೊಳ್ಳಲಿಲ್ಲ, ರಸೀದಿ ತೋರಿಸಿದರು ಅಷ್ಟೇ. ಮನೆಯಲ್ಲಿ ಒಂದು ವಾರ ನಾನು ವಾಚಿನ ಮಾತು ಎತ್ತಲಿಲ್ಲ. ಹೆಂಡತಿಯೂ ಎತ್ತಲಿಲ್ಲ. ಅದು ಇನ್ನೂ ಜಾಸ್ತಿ ಚುಚ್ಚಿತು.

ಮತ್ತೆ ಹುಡುಕಲು ಕೂತಾಗ ನನ್ನ ಕಣ್ಣು ಉಲ್ಟಾ ಆಗಿತ್ತು. ಗೀರು ಕಂಡರೆ ಸಮಾಧಾನ, ಹೊಳಪು ಕಂಡರೆ ಅನುಮಾನ. ತೀರಾ ತೆಳ್ಳಗಿನ ವಾಚುಗಳ ಹುಚ್ಚೂ ಒಂದಿಷ್ಟು ದಿನ ಹಿಡಿಯಿತು. ಪಿಯಾಜೆ ಕಂಪನಿ 1957ರಲ್ಲೇ ವಾಚಿನೊಳಗೆ ಕೂರುವ 2 ಮಿಲಿಮೀಟರ್ ದಪ್ಪದ ಮೆಷಿನ್ ಮಾಡಿತ್ತು, 9ಪಿ ಅಂತ. ಎರಡು ನಾಣ್ಯ ಒತ್ತಿಟ್ಟಷ್ಟೂ ಇಲ್ಲ! ಹಿರಿಯರ ಹತ್ತಿರ ಹೇಳಿದೆ. "ನೋಡೋಕೆ ಚೆಂದ. ರಿಪೇರಿಗೆ ನನ್ನ ಹತ್ತಿರ ತರಬೇಡಿ" ಅಂದರು. ಅಷ್ಟು ತೆಳ್ಳಗಿನದರಲ್ಲಿ ಒಂದು ಭಾಗಕ್ಕೂ ಇನ್ನೊಂದಕ್ಕೂ ನಡುವೆ ಜಾಗವೇ ಇರುವುದಿಲ್ಲ, ಒಂದು ಕೂದಲು ಬಿದ್ದರೂ ನಿಲ್ಲುತ್ತದಂತೆ. ರಿಪೇರಿ ಮಾಡುವವರೇ ಕೈ ಮುಗಿಯುವ ವಾಚು ನನಗೆ ಯಾಕೆ ಅಂತ ಬಿಟ್ಟೆ. ಬ್ಯಾಟರಿಯಲ್ಲಿ ಓಡುವ ಕ್ವಾರ್ಟ್ಜ್ ಆದರೆ ತೆಳ್ಳಗೂ ಇರುತ್ತದೆ, ಸಮಯವೂ ಪಕ್ಕಾ. ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಬೆಳಗ್ಗೆ ಎದ್ದು ಕೀ ಕೊಡಬೇಕು ಅನ್ನುವುದೇ ನನ್ನ ಆಸೆಯಾಗಿತ್ತು.

ಕೊನೆಗೆ ಮನಸ್ಸು ನಿಂತದ್ದು ಆ ಆಯತದ ರಟ್ಟಿನ ಮೇಲೆ. ಜೇಗರ್-ಲಕುಲ್ಟ್ರ್ ಕಂಪನಿಯ ರಿವರ್ಸೊ.

ಅದರ ಕಥೆ ಸೊಗಸಾಗಿದೆ. ಭಾರತದಲ್ಲಿ ಪೋಲೋ ಆಡುತ್ತಿದ್ದ ಬ್ರಿಟಿಷ್ ಸೇನಾಧಿಕಾರಿಗಳ ವಾಚಿನ ಗಾಜು ಆಟದಲ್ಲಿ ಒಡೆಯುತ್ತಿತ್ತಂತೆ. ಅದಕ್ಕೊಂದು ದಾರಿ ಮಾಡಿ ಅಂತ ಸೆಸಾರ್ ದ ತ್ರೇ ಅನ್ನುವ ವ್ಯಾಪಾರಿಯನ್ನು ಕೇಳಿದರಂತೆ. ಇಂಜಿನಿಯರ್ ರೆನೆ-ಆಲ್ಫ್ರೆಡ್ ಶೋವೋ ಕೇಸನ್ನೇ ಮಗುಚುವ ಹಾಗೆ ಮಾಡಿದರು. 1931ರ ಮಾರ್ಚ್ 4ರಂದು ಪೇಟೆಂಟಿಗೆ ಅರ್ಜಿ ಹಾಕಿದರು. ವಾಚನ್ನು ಪಕ್ಕಕ್ಕೆ ಜಾರಿಸಿ ಬೋರಲು ಹಾಕಿದರೆ ಗಾಜು ಒಳಗೆ, ಲೋಹದ ಬೆನ್ನು ಹೊರಗೆ. ಮುಂದೆ ಕೇಳುವವರಿಲ್ಲದೆ ಮೂಲೆಗೆ ಬಿದ್ದಿತ್ತು. 1972ರಲ್ಲಿ ಇಟಲಿಯ ವಿತರಕ ಜಾರ್ಜೋ ಕೊರ್ವೋ ಕಾರ್ಖಾನೆಯಲ್ಲಿ ಉಳಿದಿದ್ದ 200 ಖಾಲಿ ಕೇಸುಗಳನ್ನು ಕೊಂಡುಕೊಂಡರು. ಅವು ವಾಚಾಗಿ ಬಂದು ಖರ್ಚಾದ ಮೇಲೆಯೇ ರಿವರ್ಸೊಗೆ ಮತ್ತೆ ಜೀವ ಬಂದದ್ದು. 1985ರಲ್ಲಿ ಕೇಸನ್ನು ಹೊಸದಾಗಿ ಮಾಡಿದರು, ಧೂಳು ನೀರು ಸುಲಭಕ್ಕೆ ಒಳಗೆ ಹೋಗದ ಹಾಗೆ. ನನಗೆ ಬೇಕಾದದ್ದು ಅಲ್ಲೇ ಇತ್ತು. ಹಳೆಯ ರೂಪ, ಆದರೆ 1985ರಿಂದ ಈಚೆಯ ಕೇಸು, ಸ್ಟೀಲು. ಚಿನ್ನದ ಸಹವಾಸ ಮತ್ತೆ ಬೇಡ.

ಮೂರು ಸಿಕ್ಕವು. ಒಂದರ ಬೆನ್ನು ಕನ್ನಡಿಯ ಹಾಗಿತ್ತು. ಮುಂಚಿನ ನಾನಾಗಿದ್ದರೆ ಅದಕ್ಕೇ ಬೀಳುತ್ತಿದ್ದೆ. ಟ್ಯೂಬ್‌ಲೈಟ್ ಕೆಳಗೆ ಇಟ್ಟು ವೀಡಿಯೋ ಮಾಡಿ ಕಳಿಸಿ ಅಂದೆ. ಬೆನ್ನ ಮೇಲೆ ಬಿದ್ದ ಟ್ಯೂಬ್‌ಲೈಟಿನ ಗೆರೆ ನಡುವೆ ಅಲೆಅಲೆಯಾಗಿ ಬಾಗಿತ್ತು. ಸಪಾಟಾದ ಲೋಹದಲ್ಲಿ ಗೆರೆ ನೆಟ್ಟಗಿರಬೇಕು. ಅಲ್ಲೇನೋ ಕೆತ್ತಿದ್ದನ್ನು ಉಜ್ಜಿ ತೆಗೆದಿದ್ದಾರೆ ಅಂತ ನನ್ನ ಲೆಕ್ಕ. ಬಿಟ್ಟೆ. ಎರಡನೆಯದು ನೋಡಲು ತದ್ರೂಪ, ಒಳಗೆ ಕ್ವಾರ್ಟ್ಜ್. ರಿವರ್ಸೊದ ಚಿಕ್ಕ ಮಾದರಿ ಎರಡೂ ಥರ ಬಂದಿದೆ, ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಸೆಕೆಂಡಿನ ಮುಳ್ಳಿದ್ದರೆ ಅದರ ಕುಣಿತದಿಂದ ಹೇಳಬಹುದಿತ್ತು, ಈ ಮಾದರಿಗೆ ಅದೂ ಇಲ್ಲ. ಸೆಕೆಂಡ್ ಹ್ಯಾಂಡ್ ವಾಚು, ಸೆಕೆಂಡ್ ಹ್ಯಾಂಡೇ ಇಲ್ಲ! ಈ ಜೋಕನ್ನು ನಾನು ಕಂಡಕಂಡವರಿಗೆಲ್ಲ ಹೇಳಿದ್ದೇನೆ, ಯಾರೂ ನಕ್ಕಿಲ್ಲ. ಕೀ ಕೊಡುವಾಗ ಬರುವ ಕರಕರ ಸದ್ದು ಕೇಳಿಸುವ ವೀಡಿಯೋ ಬೇಕು ಅಂದೆ. "ಬ್ಯಾಟರಿದು ಸರ್" ಅಂತ ಒಪ್ಪಿಕೊಂಡರು. ಕೇಳದಿದ್ದರೆ ಹೇಳುತ್ತಿದ್ದರೋ ಇಲ್ಲವೋ.

ಮೂರನೆಯದರ ಫೋಟೋ ನೋಡಿದ ತಕ್ಷಣ ಬೇಡ ಅನಿಸಿತ್ತು. ಬೆನ್ನ ಮೇಲೆ ಎರಡು ಅಕ್ಷರ, "ಎಂ. ಎಲ್." ಅಂತ, ಬಳ್ಳಿ ಬಳ್ಳಿಯಾಗಿ ಕೆತ್ತಿತ್ತು. ಕೆಳಗೆ ತಾರೀಕು, 14-6-1997. ನನ್ನ ಹೆಸರಿನಲ್ಲಿ ಈ ಎರಡೂ ಅಕ್ಷರ ಇಲ್ಲ. ಬೆಲೆಯೂ ಅದೇ ಕಾರಣಕ್ಕೆ ಬೇರೆಯವಕ್ಕಿಂತ ಕಡಿಮೆ.

ಎರಡು ದಿನ ಬಿಟ್ಟು ಆ ಫೋಟೋಗಳನ್ನೇ ಮತ್ತೆ ತೆರೆದೆ. ಕೆತ್ತನೆಯ ಅಂಚು ಇನ್ನೂ ಚೂಪಾಗಿತ್ತು. ಅಂದರೆ ಬೆನ್ನಿಗೆ ಪಾಲಿಶ್ ಬಿದ್ದಿಲ್ಲ. ರಿವರ್ಸೊ ಕೇಸಿನ ಮೇಲೆ ಮೂರು, ಕೆಳಗೆ ಮೂರು ಅಡ್ಡ ಗೆರೆಗಳಿರುತ್ತವೆ. ಪಾಲಿಶ್ ಜಾಸ್ತಿಯಾದರೆ ಮೊದಲು ಸಾಯುವುದು ಅವೇ, ನಡುವಿನ ಕಣಿವೆ ತುಂಬಿಹೋದ ಹಾಗೆ ಕಾಣುತ್ತದೆ. ಇದರಲ್ಲಿ ಉಗುರು ಇಟ್ಟರೆ ಸಿಕ್ಕಿಕೊಳ್ಳುವಷ್ಟು ಆಳ ಇತ್ತು. ಮೈಯೆಲ್ಲಾ ಸಣ್ಣ ಸಣ್ಣ ಗೀರು. ಕೀ ತಿರುಗಿಸುವ ಗುಂಡಿಯ ಹತ್ತಿರ ಒಂದು ಪುಟ್ಟ ಏಟು. ಇಪ್ಪತ್ತೈದು ವರ್ಷ ಒಬ್ಬರ ಕೈ ಮೇಲಿದ್ದರೆ ಹೇಗೆ ಕಾಣಬೇಕೋ ಹಾಗೆ.

ಈ ಸಲ ಅವಸರ ಮಾಡಲಿಲ್ಲ. ಒಂದು ಚೀಟಿಯಲ್ಲಿ ಅವತ್ತಿನ ತಾರೀಕು ಬರೆದು ವಾಚಿನ ಪಕ್ಕ ಇಟ್ಟು ಫೋಟೋ ಕಳಿಸಲು ಹೇಳಿದೆ, ವಾಚು ನಿಜಕ್ಕೂ ಅವರ ಕೈಯಲ್ಲಿದೆ ಅನ್ನುವುದಕ್ಕೆ. ಕೇಸಿನ ಮೇಲಿನ ನಂಬರು, ಕಾಗದದ ಮೇಲಿನ ನಂಬರು ಎರಡನ್ನೂ ಅಂಕಿ ಅಂಕಿ ಓದಿ ಹೋಲಿಸಿದೆ. ಕದ್ದ ವಾಚುಗಳ ಪಟ್ಟಿಯಲ್ಲಿ ಆ ನಂಬರು ಇಲ್ಲ ಅಂತ ವಿಚಾರಿಸಿಕೊಂಡೆ. ಗ್ಯಾರಂಟಿ ಕಾಗದದ ಮೇಲೆ 1997ರ ಮೇ ತಿಂಗಳ ಮುದ್ರೆ. ಕೆತ್ತನೆ ಜೂನ್ 14. ಇದು ನನಗೆ ಬಲು ಹಿಡಿಸಿತು. ಕಾಗದವನ್ನು ಸುಳ್ಳು ಮಾಡಬಹುದು, ಎರಡು ವಾಚಿನ ಕಾಗದ ಅದಲು ಬದಲು ಆಗಬಹುದು. ಆದರೆ ಯಾರೋ ಮೇನಲ್ಲಿ ಕೊಂಡು, ಜೂನಿನಲ್ಲಿ ಯಾರಿಗೋ ಕೊಡಲು ಕೆತ್ತಿಸಿದ್ದಾರೆ ಅಂದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಯಾವುದು ಬೇಕು? ಬೆಲೆ ಇಳಿಸಿದ ಅಕ್ಷರಗಳೇ ನನಗೆ ಧೈರ್ಯ ಕೊಟ್ಟವು.

ಹಿರಿಯರ ಮೇಜಿನ ಮುಂದೆಯೇ ಭೇಟಿ ಇಟ್ಟುಕೊಂಡೆವು. ಮಾರುವವರು ಒಪ್ಪಿದ್ದೇ ಒಳ್ಳೆಯ ಲಕ್ಷಣ ಅಂದುಕೊಂಡೆ. ಹಿರಿಯರು ಮೊದಲು ವಾಚನ್ನು ಮಗುಚಿದರು. ಪಕ್ಕಕ್ಕೆ ಜಾರಿತು, ತಿರುಗಿತು, ಕೂತುಕೊಳ್ಳುವಾಗ "ಟಕ್" ಅಂತ ಒಂದೇ ಸದ್ದು. ಮತ್ತೆ ಮಗುಚಿದರು. ಹತ್ತು ಸಲ. ಕೂತ ಮೇಲೆ ಹೆಬ್ಬೆರಳಲ್ಲಿ ಅಲುಗಿಸಿ ನೋಡಿದರು. ಸಡಿಲ ಇಲ್ಲ. ಕೇಸು ಜಾರುವ ತಟ್ಟೆಯ ಮೇಲೆ ಗೀರುಗಳಿದ್ದವು, ಅದು ಬಳಸಿದ ರಿವರ್ಸೊಗೆಲ್ಲ ಇರುವಂಥದ್ದೇ ಅಂದರು. ಮುಳ್ಳುಗಳ ನೀಲಿ ಒಂದೇ ಸಮ ಇದೆಯಾ ಅಂತ ನೋಡಿದರು. ಡಯಲ್ಲಿನ ಒಂದು ಮೂಲೆ ಚೂರೇ ಚೂರು ಕಂದಿತ್ತು. "ಇರಲಿ, ಅದೇ ಸಾಕ್ಷಿ" ಅಂತ ಅವರು ಹೇಳುವ ಮೊದಲೇ ನಾನು ಹೇಳಿದೆ. ನಕ್ಕರು.

ಟೈಮಿಂಗ್ ಮೆಷಿನ್ ಮೇಲಿಟ್ಟಾಗ ನನ್ನ ಕೈ ಬೆವರುತ್ತಿತ್ತು. ಇದರದು ಗಂಟೆಗೆ 21,600 ಬಡಿತ. ಮಲಗಿಸಿದಾಗ 262, ನಿಲ್ಲಿಸಿದಾಗ 236. ದಿನಕ್ಕೆ 9 ಸೆಕೆಂಡು ಮುಂದೆ. ಆ ದುಂಡು ವಾಚಿನ 6ಕ್ಕಿಂತ ಇದರ 9 ನನಗೆ ಮೇಲಾಗಿ ಕಂಡಿತು. ನಡುವೆ ಒಂದು ಮಾತು. ಈ ಡಿಗ್ರಿ ಲೆಕ್ಕ ನಂಬಬೇಕಾದರೆ ಮೆಷಿನ್ನಿಗೆ ಆಯಾ ವಾಚಿನ ಲಿಫ್ಟ್ ಆಂಗಲ್, ಅಂದರೆ ಪ್ರತಿ ಬಡಿತದಲ್ಲಿ ಆ ತೂಗುವ ಚಕ್ರ ಉಳಿದ ಭಾಗಗಳಿಗೆ ತಗುಲಿಕೊಂಡು ತಿರುಗುವ ಕೋನದ ಅಂಕಿ, ಸರಿಯಾಗಿ ಕೊಟ್ಟಿರಬೇಕು. ಸಾಮಾನ್ಯಕ್ಕೆ 52ರಲ್ಲಿ ಇಟ್ಟಿರುತ್ತಾರೆ. ಒಮೆಗಾ ಕಂಪನಿಯ ಕೋ-ಆಕ್ಸಿಯಲ್ ಅನ್ನುವ ಬಗೆಯ ವಾಚಿಗೆ 38 ಕೊಡಬೇಕು. ತಪ್ಪು ಅಂಕಿ ಕೊಟ್ಟು ಕಾಯಿಲೆ ವಾಚನ್ನು ಪೈಲ್ವಾನ್ ಅಂತ ತೋರಿಸಬಹುದು. ಮಾರುವವರು ಪರದೆಯ ಫೋಟೋ ಕಳಿಸಿದರೆ ಅದನ್ನೂ ಒಮ್ಮೆ ಕೇಳಿ.

"ಎಣ್ಣೆ ಹಳೇದಾಗಿದೆ, ಒಂದು ಸರ್ವಿಸ್ ಬೇಕು. ಬೇರೆ ಏನಿಲ್ಲ. ತಗೊಳ್ಳಿ" ಅಂದರು ಹಿರಿಯರು. ಕೊನೆಯ ಸರ್ವಿಸ್ ಬಿಲ್ ಮಾರುವವರ ಹತ್ತಿರ ಇರಲಿಲ್ಲ. ಆ ಖರ್ಚಿನ ಅರ್ಧ ಬೆಲೆಯಲ್ಲಿ ಇಳಿಸಿಕೊಂಡರು. ಚೌಕಾಸಿ ಅಷ್ಟಕ್ಕೇ ಮುಗಿಯಿತು, ನನಗೆ ಅದರಲ್ಲಿ ಕೈ ಸಾಲದು. ದುಡ್ಡು ಎಣಿಸುವಾಗ ಮಾರುವವರು ಒಳ್ಳೆಯ ಮನಸ್ಸಿನಿಂದಲೇ ಕೇಳಿದರು, "ಆ ಅಕ್ಷರ ಪಾಲಿಶ್ ಮಾಡಿಸಿ ಅಳಿಸಿ ಕೊಡ್ಲಾ ಸರ್? ಒಂದೇ ದಿನದ ಕೆಲಸ."

ನಾನೂ ಹಿರಿಯರೂ ಒಟ್ಟಿಗೆ "ಬೇಡ" ಅಂದೆವು.

ಸರ್ವಿಸ್‌ಗೆ ಆರು ವಾರ ಹಿಡಿಯಿತು. ಹಳೆಯ ಬೆಲ್ಟು ಯಾರದೋ ಮಣಿಕಟ್ಟಿನ ಆಕಾರಕ್ಕೆ ಬಾಗಿ ಗಟ್ಟಿಯಾಗಿತ್ತು. ಮೂರನೇ ತೂತು ಮಾತ್ರ ಅಗಲ. ನನಗೆ ಐದನೆಯದು ಬೇಕು. ಹೊಸ ಬೆಲ್ಟು ಹಾಕಿಸಿದೆ, ಕಂಪನಿಯ ಬಕಲ್ ಮಾತ್ರ ಅದನ್ನೇ ಉಳಿಸಿಕೊಂಡೆ. ಅಸಲಿ ಬಕಲ್ ಬೇರೆಯಾಗಿ ಕೊಳ್ಳಲು ಹೋದರೆ ಬೆಲೆ ಕೇಳಿ ತಲೆ ತಿರುಗುತ್ತದೆ.

ಕಟ್ಟಲು ಶುರು ಮಾಡಿ ಒಂದು ವಾರ. ಇದ್ದಕ್ಕಿದ್ದಂತೆ ದಿನಕ್ಕೆ ಮೂರು ನಾಲ್ಕು ನಿಮಿಷ ಮುಂದೆ ಓಡತೊಡಗಿತು. ನನಗೆ ಎದೆ ಧಸಕ್ಕೆಂದಿತು. ಹಿರಿಯರ ಹತ್ತಿರ ಓಡಿದೆ. ಅವರು ಒಂದು ದಿಕ್ಸೂಚಿಯ ಪಕ್ಕ ವಾಚು ಹಿಡಿದರು. ಮುಳ್ಳು ತಿರುಗಿತು. "ರಾತ್ರಿ ಎಲ್ಲಿ ಇಡ್ತೀರಿ?" ಟ್ಯಾಬ್ಲೆಟ್ಟಿನ ಕವರ್ ಮೇಲೆ. ಆ ಕವರಿನಲ್ಲಿ ಆಯಸ್ಕಾಂತ. ಒಳಗಿನ ಕೂದಲೆಳೆಯಂಥ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿದರೆ ವಾಚು ಹೀಗೆ ಹುಚ್ಚೆದ್ದು ಓಡುತ್ತದಂತೆ. ಒಂದು ನೀಲಿ ಡಬ್ಬಿಯ ಮೇಲಿಟ್ಟು ಗುಂಡಿ ಒತ್ತಿ ಮೇಲಕ್ಕೆತ್ತಿದರು. ಅಷ್ಟೇ. ದುಡ್ಡೂ ತೆಗೆದುಕೊಳ್ಳಲಿಲ್ಲ. "30 ಮೀಟರ್ ಅಂತ ಬರೆದಿದೆ ಅಂದ್ಕೊಂಡು ಈಜೋಕೂ ಹೋಗ್ಬೇಡಿ, ಕೈ ತೊಳೆಯೋವಾಗ ಬಿಚ್ಚಿಡಿ" ಅಂತ ಬೈದು ಕಳಿಸಿದರು.

ಈಗ ಬೆಳಗ್ಗೆ ಕಾಫಿಗೆ ಮುಂಚೆ ಕೀ ಕೊಡುತ್ತೇನೆ. ಬೆರಳಿಗೆ ಸಾಕು ಅನ್ನುವ ತಡೆ ಸಿಕ್ಕಿದ ತಕ್ಷಣ ನಿಲ್ಲಿಸುತ್ತೇನೆ. ಒಂದು ದಿನ ಮರೆತರೂ ಮಾರನೆಯ ಬೆಳಗ್ಗೆ ಓಡುತ್ತಿರುತ್ತದೆ. ಬೆನ್ನಿನ ತಾರೀಕನ್ನು ಮೊದಲ ಸಲ ಓದಿದ ದಿನ ಹೆಂಡತಿ ಹೇಳಿದ್ದು, "ಯಾರದೋ ಮದುವೆ ದಿನ ಇರಬೇಕು. ಇದನ್ನಾದ್ರೂ ನೆನಪಿಟ್ಕೊಳ್ಳಿ. ನಮ್ಮದಂತೂ ಮರೀತೀರಿ."

ಕಳೆದ ಜೂನ್ 14ಕ್ಕೆ ವಾಚನ್ನು ಮಗುಚಿ, ಅಕ್ಷರ ಮೇಲೆ ಬರುವ ಹಾಗೆ ಕಟ್ಟಿಕೊಂಡು ಕೆಲಸಕ್ಕೆ ಹೋದೆ. ಸಮಯ ನೋಡಬೇಕಾದಾಗಲೆಲ್ಲ ಪಕ್ಕಕ್ಕೆ ಜಾರಿಸಿ ತಿರುಗಿಸಬೇಕು, ಟಕ್ ಅಂತ ಸದ್ದು. ಮೀಟಿಂಗಿನಲ್ಲಿ ಪಕ್ಕದಲ್ಲಿ ಕೂತವರು ನೋಡಿ ಮೆಲ್ಲಗೆ ಕೇಳಿದರು, "ಎಂ. ಎಲ್. ಅಂದ್ರೆ ಯಾರು?"

"ಗೊತ್ತಿಲ್ಲ" ಅಂದೆ.

ಅವರು ನಂಬಲಿಲ್ಲ.